ಕಾಫಿ ಹೊಗೆ ಹಿಡಿದ ಸತ್ತಿಗೆ

ಅವನು ರಸ್ತೆ ದಾಟಿ ಬರುವ ರೀತಿಯಲ್ಲೇ, ಏನೋ ತಪ್ಪು ತಿಳಿದುಕೊಂಡಿದ್ದಾನೆ ಎಂದು ಅಲ್ಗನೆಶ್‌ಗೆ ಅನ್ನಿಸಿತು. ಬಿಳಿ ಹೊದಿಕೆಯ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಕತ್ತೆಗಳ ಸಾಲಿಗೆ ದಾರಿ ಬಿಟ್ಟು, ಹೆಣ್ಣು ಕೇಳಲು ಹೊರಟ ಹಿರಿಯನಂತೆ ಗಂಭೀರವಾಗಿ ಬಂದ. ಅವಳ ಕಾಫಿ ಅಂಗಡಿಯ ಮುಂದಿನ ಮೋಟು ಮಣೆಯ ಮೇಲೆ ಕುಳಿತ. ಮಣೆ ತೀರಾ ಗಿಡ್ಡ. ಮೊಣಕಾಲುಗಳು ಗಲ್ಲದ ಹತ್ತಿರ ಬಂದವು. ಗಾಂಭೀರ್ಯ ಅಲ್ಲಿಗೆ ಅರ್ಧ ಹೋಯಿತು.

“ಇದು ಸರಿಯಲ್ಲ,” ಎಂದ.

“ಯಾವ್ದು? ಕಾಫೀನಾ? ಇನ್ನೂ ಕುಡಿದೇ ಇಲ್ಲ ನೀವು.”

“ನೀವು ದಿನಾ ಗೇಟಿನ ಹೊರಗೆ ನಿಂತ್ಕೊಂಡು ನನ್ನ ನೋಡೋದು. ನಾನು ಈ ಚರ್ಚಿಗೆ ಹೊಸಬ. ಜನ ಏನಂದ್ಕೊತಾರೆ ಹೇಳಿ? ನಂಗೂ ಡೋಲು ಬಾರಿಸೋವಾಗ ತಾಳ ತಪ್ಪುತ್ತೆ.”

ಅಲ್ಗನೆಶ್ ಹುರಿಯುತ್ತಿದ್ದ ಕಾಫಿ ಬೀಜದ ಬಾಣಲೆಯನ್ನು ಕೆಳಗಿಟ್ಟಳು. ಅವಳಿಗೆ ನಗು ಬಂತು. ಬಹಳ ಕಾಲ ಮುಚ್ಚಿದ್ದ ಬಾಗಿಲು ತೆರೆದಂತೆ ಅದು ಕಿರುಗುಟ್ಟಿಕೊಂಡೇ ಹೊರಗೆ ಬಂತು.

“ನಿಮ್ಮನ್ನಾ? ಅಯ್ಯೋ ದೇವರೇ, ಹಾಡುಗಾರರೇ! ನಾನು ನೋಡೋದು ನಿಮ್ಮ ಹಿಂದೆ ಇರೋ ದೇವದಾರು ಮರಾನ.”

“ಮರದಲ್ಲಿ ಅಂಥಾದ್ದೇನಿದೆ?”

“ಬುಡದಲ್ಲಿ ಕಲ್ಲುಗುಡ್ಡೆ ಇದೆಯಲ್ಲ, ಚಿಕ್ಕದು. ಅಲ್ಲಿ ನನ್ನ ಮಗಳಿದ್ದಾಳೆ.”

ಅವನ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು. ಅವಳು ಕೊಟ್ಟ ಕಾಫಿಯನ್ನು ಬಿಸಿಯಿದ್ದಾಗಲೇ ಕುಡಿದು ನಾಲಿಗೆ ಸುಟ್ಟುಕೊಂಡು ಎದ್ದುಹೋದ.

ಮರುದಿನ ಮಧ್ಯಾಹ್ನ ಪೂಜೆಯ ಹೊತ್ತಿಗೆ ಎಂದಿನಂತೆ ಅವಳು ಗೇಟಿನ ಕಂಬಕ್ಕೆ ಆತು ನಿಂತಾಗ ಒಂದು ವ್ಯತ್ಯಾಸ ಕಂಡಿತು. ಒಳಗಿನ ಅಂಗಳದಲ್ಲಿ ಹಾಡುಗಾರರ ಸಾಲಿನ ತುದಿಗೆ ನಿಲ್ಲುತ್ತಿದ್ದ ಅವನು ಇಂದು ಪಕ್ಕಕ್ಕೆ ಸರಿದು ನಿಂತಿದ್ದ. ಗೋಡೆಗೆ ಒತ್ತಿಕೊಂಡು ಡೋಲು ಬಾರಿಸುವುದು ಕಷ್ಟವಾಗುತ್ತಿತ್ತು. ಮೊಣಕೈ ಗೋಡೆಗೆ ತಗಲುತ್ತಿತ್ತು. ಆದರೂ ಅಲ್ಲೇ ನಿಂತಿದ್ದ. ದೇವದಾರು ಮರದ ಬುಡ ಅವಳಿಗೆ ಪೂರ್ತಿ ಕಾಣುತ್ತಿತ್ತು.

ಅವನು ಅವಳತ್ತ ತಿರುಗಿಯೂ ನೋಡಲಿಲ್ಲ. ಅದಕ್ಕೇ ಅವಳು ಅಂದು ಮೊದಲ ಸಲ ಅವನನ್ನು ನೋಡಿದಳು.

*

ಅವನ ಹೆಸರು ಲಿಸಾನೆವರ್ಕ್. ಬಂಗಾರದ ನಾಲಿಗೆ ಎಂದು ಅರ್ಥ. ಊರಿನವರು ಲಿಸಾನೆ ಎನ್ನುತ್ತಿದ್ದರು. ಹುಡುಗನಾಗಿದ್ದಾಗಿನಿಂದ ಮಠದಿಂದ ಮಠಕ್ಕೆ ಅಲೆದು, ಮನೆಮನೆಯ ಬಾಗಿಲಲ್ಲಿ ಇಂಜೆರಾ ರೊಟ್ಟಿಯ ತುಂಡು ಬೇಡಿ ತಿಂದು, ಚರ್ಚಿನ ಹಾಡುಗಳನ್ನು ಬಾಯಿಪಾಠ ಮಾಡಿದವನು. ಈಗ ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ತಾನಾ ಸರೋವರದ ಮೇಲಿನ ಗುಡ್ಡದಲ್ಲಿರುವ ಅಂಬಾ ಮರಿಯಮ್ ಎಂಬ ಈ ಪುಟ್ಟ ಊರಿಗೆ ಈಸ್ಟರ್ ಕಳೆದ ಮೇಲೆ ಬಂದಿದ್ದ.

ಅವನು ದಿನಾ ಕಾಫಿಗೆ ಬರತೊಡಗಿದ. ಮೊದಲು ಕ್ಷಮೆ ಕೇಳುವ ನೆಪ. ಆಮೇಲೆ ನೆಪ ಬೇಕಾಗಲಿಲ್ಲ.

“ಇದೇನು, ಎರಡೇ ಸುತ್ತು ಕೊಟ್ಟು ಹೂಜಿ ಎತ್ತಿಟ್ರಿ? ಮೂರನೇ ಬಟ್ಟಲು?”

“ಎರಡೇ ನನ್ನಲ್ಲಿ.”

“ಎಲ್ಲ ಕಡೆ ಮೂರು ಕೊಡ್ತಾರೆ. ಮೂರನೇದಕ್ಕೇ ಅಲ್ವಾ ಆಶೀರ್ವಾದ ಅಂತ ಹೆಸರು.”

“ಅದಕ್ಕೇ ಇಲ್ಲ. ಆಶೀರ್ವಾದ ಬೇಕಾದವರು ಎದುರುಗಡೆ ಹೋಗ್ಬೇಕು,” ಎಂದು ಅವಳು ಚರ್ಚಿನ ಕಡೆ ಗಲ್ಲ ಎತ್ತಿ ತೋರಿಸಿದಳು. “ಇಲ್ಲಿ ಬರೀ ಕಾಫಿ.”

ಅವನು ತಲೆಯೆತ್ತಿ, ಅವಳ ಅಂಗಡಿಗೆ ನೆರಳು ಮಾಡಿದ್ದ ಸತ್ತಿಗೆಯನ್ನು ನೋಡಿದ. ನೇರಳೆ ಮಖಮಲ್ಲು. ಸುತ್ತಲೂ ಜರಿಯ ಕುಚ್ಚು. ಮಧ್ಯದಲ್ಲಿ ಬೆಳ್ಳಿ ದಾರದಲ್ಲಿ ಹೆಣೆದ ಶಿಲುಬೆ. ಹಬ್ಬದ ದಿನ ಪಾದ್ರಿಗಳ ತಲೆಯ ಮೇಲೆ, ಪರಮಪ್ರಸಾದದ ಪಾತ್ರೆಯ ಮೇಲೆ ಹಿಡಿಯುವಂಥದ್ದು. ಅದರ ಒಳಮೈ ಬಾಣಲೆಯ ಹೊಗೆಗೆ ಕಂದಿತ್ತು. ಇದರ ಬಗ್ಗೆ ಊರಿನಲ್ಲಿ ಯಾರೂ ಅವಳೊಂದಿಗೆ ಮಾತೆತ್ತುತ್ತಿರಲಿಲ್ಲ. ಅವನೂ ಎತ್ತಲಿಲ್ಲ. ಬಟ್ಟಲು ಕೆಳಗಿಟ್ಟು, “ಕಾಫಿ ಚೆನ್ನಾಗಿತ್ತು ಕಾಫಿಯಮ್ಮ,” ಎಂದಷ್ಟೇ ಹೇಳಿ ಎದ್ದ.

ಅದಾದ ಸ್ವಲ್ಪ ದಿನಕ್ಕೆ ಅವಳ ಒಂದು ಬಟ್ಟಲು ಕಾಣೆಯಾಯಿತು. ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲೊಂದು ಅದು. ಅಂಚಿಗೆ ಕೆಂಪು ಹೂವಿನ ಚಿತ್ತಾರವಿತ್ತು.

“ನೀವೇ ತಗೊಂಡು ಹೋಗಿರೋದು,” ಎಂದಳು.

“ಚರ್ಚಿನ ಹಾಡುಗಾರ ಬಟ್ಟಲು ಕದೀತಾನಾ?”

“ಮಠದ ಹುಡುಗರಾಗಿದ್ದಾಗ ಜನರ ಕೋಳಿ ಕದೀತಿದ್ರಂತೆ. ನೀವೇ ಹೇಳಿದ್ರಿ.”

“ಕೋಳಿ ಬೇರೆ. ಅದು ತಾನೇ ನಡ್ಕೊಂಡು ಬರ್ತಿತ್ತು.” ಅವನು ಪಂಚೆ ಎತ್ತಿ ಕಣಕಾಲಿನ ಹಳೆಯ ಗಾಯದ ಗುರುತು ತೋರಿಸಿದ. “ನೋಡಿ, ನಾಯಿ ಕಚ್ಚಿದ್ದು. ರೊಟ್ಟಿ ಬೇಡೋಕೆ ಹೋದ್ರೆ ಕಚ್ಚುತ್ತೆ, ಕೋಳಿ ಹಿಡಿಯೋಕೆ ಹೋದ್ರೆ ಸುಮ್ನಿರುತ್ತೆ. ನಾಯಿಗಳ ಧರ್ಮವೇ ಗೊತ್ತಾಗಲ್ಲ.”

ಅವಳು ನಗು ತಡೆಯಲು ಬೆಂಕಿ ಊದಿದಳು. ಕೆಂಡದ ಬೆಳಕಿನಲ್ಲಿ ಅವಳ ಮುಖ ಒಮ್ಮೆ ಕೆಂಪಾಗಿ ಮತ್ತೆ ಮಬ್ಬಾಯಿತು. ಅವನು ಆ ಕೆಂಪನ್ನೇ ನೋಡುತ್ತಿದ್ದ. ಅವಳು ನೋಡಿದಾಗ ಕಣ್ಣು ತಗ್ಗಿಸಿ ಖಾಲಿ ಬಟ್ಟಲಿನಲ್ಲಿ ಇಲ್ಲದ ಕಾಫಿಯನ್ನು ಕುಡಿದ.

“ಖಾಲಿ ಅದು,” ಎಂದಳು.

“ಗೊತ್ತು.”

“ಮತ್ತೇನು ಕುಡೀತಿದ್ದೀಯ?”

ಹೇಳಿದ ಮೇಲೆ ಇಬ್ಬರಿಗೂ ಅರಿವಾಯಿತು. ‘ನೀವು’ ಹೋಗಿ ‘ನೀನು’ ಆಗಿತ್ತು. ಯಾರೂ ಅದನ್ನು ತಿದ್ದಲಿಲ್ಲ.

*

ಸತ್ತಿಗೆಯ ಕಥೆಯನ್ನು ಅವಳೇ ಹೇಳಿದಳು, ಮಳೆಗಾಲ ಶುರುವಾದ ಮೇಲೆ, ಗುಡ್ಡವೆಲ್ಲ ಮಂಜು ಮುಸುಕಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ.

ಒಂದು ಕಾಲದಲ್ಲಿ ಗೇಟಿನ ಕಲ್ಲಿಗೆ ಮುತ್ತಿಡದೆ ಈ ದಾರಿಯಲ್ಲಿ ಒಮ್ಮೆಯೂ ನಡೆದವಳಲ್ಲ ಅವಳು. ಒಂದು ಉಪವಾಸ ಬಿಟ್ಟವಳಲ್ಲ. ಹಾಡಿನ ಹೊತ್ತಿನಲ್ಲಿ ಹೆಂಗಸರ ಕಡೆಯಿಂದ ನಾಲಿಗೆ ಹೊರಳಿಸಿ ಹಾಕುವ ಮೊದಲ ಉಲುಲು ಹರ್ಷದನಿ ಏಳುತ್ತಿದ್ದುದು ಅವಳ ಗಂಟಲಿನಿಂದಲೇ. ಅಂಗೈ ತಟ್ಟುತ್ತಾ ಹಾಡುವಾಗ ಎದೆಯೊಳಗೆ ಯಾರೋ ಬಂದು ಕುಳಿತಂತೆ ಆಗುತ್ತಿತ್ತು. ಮಗಳಿಗೆ ಮಹ್ಲೆತ್ ಎಂದು ಹೆಸರಿಟ್ಟಿದ್ದಳು. ಹಾಡು ಎಂದು ಅರ್ಥ.

ಮಹ್ಲೆತ್‌ಗೆ ಐದು ತುಂಬಿದಾಗ ಜ್ವರ ಬಂತು. ಆಸ್ಪತ್ರೆಗೂ ಹೋದರು, ತೀರ್ಥವನ್ನೂ ಕುಡಿಸಿದರು. ಜನ ಹರಕೆ ಹೊರುವಾಗ, ಮಗು ಬದುಕಿದರೆ ಸತ್ತಿಗೆ ತಂದೊಪ್ಪಿಸುತ್ತೇನೆ ಎನ್ನುತ್ತಾರೆ. ಅಲ್ಗನೆಶ್ ಹಾಗನ್ನಲಿಲ್ಲ.

“ಮುಂಚೇನೇ ಕೊಟ್ಬಿಡ್ತೀನಿ ಅಂದ್ಕೊಂಡೆ. ಮುಂಚೆ ಕೊಟ್ರೆ ಮರಿಯಮ್ ತಾಯಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ ಅಂತ. ಕಿವಿಯೋಲೆ ಮಾರಿ ಗೊಂಡಾರ್‌ನಲ್ಲಿ ಹೊಲಿಸೋಕೆ ಹಾಕ್ದೆ. ಒಳ್ಳೆ ಮಖಮಲ್ಲೇ ಬೇಕು ಅಂದಿದ್ದೆ.”

“ಆಮೇಲೆ?”

“ಸತ್ತಿಗೆ ಬಂದ ದಿನ ಅವಳು ಹೋದಳು.”

ಅವನು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ.

ಗಂಡ ಆ ವರ್ಷವೇ ಬಿಟ್ಟುಹೋಗಿದ್ದ. ಅದು ಹಿರಿಯರ ಮುಂದೆ ಮಾಡಿದ ಒಪ್ಪಂದದ ಮದುವೆ. ಹಿರಿಯರ ಮುಂದೆಯೇ ಮುರಿಯಿತು. ಆಮೇಲೆ ಅವಳು ಚರ್ಚಿನ ಎದುರಿಗೇ ಕಾಫಿ ಅಂಗಡಿ ಇಟ್ಟಳು. ಮೊದಲ ದಿನವೇ ಆ ಸತ್ತಿಗೆಯನ್ನು ಬಿಚ್ಚಿ ನೆಲಕ್ಕೆ ನೆಟ್ಟಳು.

“ಆ ಮರಿಯಮ್ ತಾಯಿಗೆ ಕಾಣ್ಲಿ ಅಂತ. ಇಗೋ ನಿನ್ನ ಸತ್ತಿಗೆ, ಬಿಸಿಲಿಗೆ ಒಳ್ಳೇದಾಯ್ತು ಅಂತ.” ಅವಳು ಬಟ್ಟಲು ಒರೆಸುತ್ತಲೇ ಇದ್ದಳು. “ಒಂದೆರಡು ವರ್ಷ ಸಿಟ್ಟಿತ್ತು. ಆಮೇಲೆ ಅದೂ ಹೋಯ್ತು. ಈಗ ಯಾವ ಹಬ್ಬ ಯಾವಾಗ ಅಂತಾನೂ ನೆನಪಿರಲ್ಲ. ಉಪವಾಸದ ದಿನ ಹಾಲು ಹಾಕಿ ಟೀ ಕುಡಿದಿರ್ತೀನಿ, ಸಂಜೆ ಯಾರೋ ಹೇಳಿದ್ರೆ ಗೊತ್ತಾಗುತ್ತೆ. ಏನೂ ಅನ್ಸೋದೂ ಇಲ್ಲ.”

“ಮಗಳ ಹತ್ರಾನಾದ್ರೂ ಒಳಗೆ ಹೋಗ್ಬೋದಲ್ಲ?”

“ಹೋಗ್ಬೇಕಾದ್ರೆ ಆ ಮರಿಯಮ್ ತಾಯಿ ಅಂಗಳ ದಾಟಿ ಹೋಗ್ಬೇಕು,” ಎಂದಳು. “ಆಗಲ್ಲ.”

ಲಿಸಾನೆ ಮಂಜಿನೊಳಗೆ ಕಾಣದ ಮರದ ಕಡೆ ನೋಡಿದ. ಏನೋ ಹೇಳಲು ಹೊರಟವನಿಗೆ ಕೆಮ್ಮು ಬಂತು. ಕೆಮ್ಮಿದ ಮೇಲೆ ಬಂದ ದನಿ ಅವನದಾಗಿರಲಿಲ್ಲ.

“ಇದೇನು, ಬಂಗಾರದ ನಾಲಿಗೆಗೆ ತುಕ್ಕು ಹಿಡೀತಾ?” ಎಂದು ಅವಳು ರೇಗಿಸಿದಳು.

“ನಿನ್ನ ಹೊಗೆ,” ಎಂದ ಅವನು, ನಗುತ್ತಾ.

ಹೊಗೆಯಾಗಿರಲಿಲ್ಲ. ದನಿ ವಾರದಿಂದ ವಾರಕ್ಕೆ ಒಡೆಯುತ್ತಾ ಹೋಯಿತು. ಅವಳು ಜೇನು ಕೊಟ್ಟಳು, ಶುಂಠಿ ಅರೆದು ಕೊಟ್ಟಳು. ಕೊನೆಗೆ ಗೊಂಡಾರ್ ಆಸ್ಪತ್ರೆಗೆ ಹೋಗಿ ಬಂದ. ಗಂಟಲೊಳಗೆ ಗಂಟು. ಅಡಿಸ್ ಅಬಾಬಾದಲ್ಲಿ ಕೊಯ್ದು ತೆಗೆಯಬೇಕು. ದನಿ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದರು ಡಾಕ್ಟರು. ದನಿಯಾಚೆಗೂ ಅವರು ಏನೋ ಹೇಳಿರಬೇಕು. ಅದನ್ನು ಅವನು ಅವಳಿಗೆ ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

*

ಆಗಸ್ಟಿನಲ್ಲಿ ಮರಿಯಮ್ ತಾಯಿಯ ಸ್ವರ್ಗಾರೋಹಣದ ಉಪವಾಸ ಬಂತು. ಎರಡು ವಾರ ಊರಿಗೆ ಊರೇ ಮಧ್ಯಾಹ್ನದ ಪೂಜೆ ಮುಗಿಯುವ ತನಕ ಹನಿ ನೀರೂ ಮುಟ್ಟುವುದಿಲ್ಲ. ಎಳೆಯ ಮಕ್ಕಳನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ ಪ್ರಸಾದಕ್ಕೆ ಕರೆತರುತ್ತಾರೆ. ಅಲ್ಗನೆಶ್ ಬಸ್ಸಿನ ಡ್ರೈವರುಗಳಿಗೆ, ಪರವೂರಿನವರಿಗೆ ಕಾಫಿ ಮಾಡಿಕೊಡುತ್ತಾ ಆ ಬಿಳಿ ಸಾಲನ್ನು ನೋಡುತ್ತಿದ್ದಳು. ಮಕ್ಕಳ ಕಡೆ ಹೆಚ್ಚು ಹೊತ್ತು ನೋಡಲಾಗುತ್ತಿರಲಿಲ್ಲ.

ಉಪವಾಸದ ಕೊನೆಯ ವಾರ ಲಿಸಾನೆ ಪೂಜೆ ಮುಗಿಸಿ ಬಂದು, ಗಿಡ್ಡ ಮಣೆಯ ಮೇಲೆ ಕುಳಿತ. ಈಗ ಅವನು ಹಾಡುತ್ತಿರಲಿಲ್ಲ, ಡೋಲು ಮಾತ್ರ ಬಾರಿಸುತ್ತಿದ್ದ.

“ಹಬ್ಬದ ಮರುದಿನ ಬಸ್ಸು,” ಎಂದ, ಪಿಸುಮಾತಿಗಿಂತ ಸ್ವಲ್ಪ ಗಟ್ಟಿಯಾಗಿ.

“ಗೊತ್ತು.”

“ಹಬ್ಬದ ಬೆಳಿಗ್ಗೆ ನಿನ್ನ ಮದುವೆ ಆಗ್ಬೇಕು ಅಂತಿದೀನಿ.”

ಅವಳು ಹೂಜಿಯನ್ನು ಬಗ್ಗಿಸಿದ್ದವಳು ಹಾಗೇ ನಿಂತಳು. ಬಟ್ಟಲು ತುಂಬಿ ಕಾಫಿ ತಟ್ಟೆಗೆ ಹರಿಯಿತು.

“ಕೇಳೋ ರೀತಿನಾ ಇದು? ಕಾಫಿ ಚೆಲ್ಲಿಸ್ಬಿಟ್ಟೆ.”

“ಹಾಡಿ ಕೇಳೋಣ ಅಂತಿದ್ದೆ. ಕಪ್ಪೆ ದನಿ ಬರ್ತಿದೆ.” ಅವನ ಕಣ್ಣಿನಲ್ಲಿ ನಗುವಿತ್ತು, ಅಂಜಿಕೆಯೂ ಇತ್ತು. “ಒಪ್ಪಂದದ ಮದುವೆ ಅಲ್ಲ. ಪ್ರಸಾದದ ಮದುವೆ.”

ಆ ಮದುವೆಗೆ ಊರಿನ ಹುಡುಗರು ಹೆದರುತ್ತಾರೆ. ಗಂಡುಹೆಣ್ಣು ಇಬ್ಬರೂ ಪಾಪನಿವೇದನೆ ಮಾಡಿ, ಒಟ್ಟಿಗೆ ಪರಮಪ್ರಸಾದ ತೆಗೆದುಕೊಂಡರೆ ಮುಗಿಯಿತು. ಯಾವ ಹಿರಿಯರೂ ಅದನ್ನು ಬಿಡಿಸಲಾರರು. ಒಬ್ಬರು ಸತ್ತರೆ ಉಳಿದವರು ಮತ್ತೊಬ್ಬರ ಕಡೆ ನೋಡುವುದಿಲ್ಲ.

“ಆಗ್ಲಿ,” ಎಂದಳು ಅಲ್ಗನೆಶ್. ಹೂಜಿಯನ್ನು ಕೆಳಗಿಟ್ಟಳು. “ಬರ್ತೀನಿ. ನೀನು ಎಲ್ಲಿ ನಿಲ್ಲು ಅಂದ್ರೆ ಅಲ್ಲಿ ನಿಲ್ತೀನಿ. ಗುರುಗಳಿಗೆ ಏನೋ ಒಂದು ಪಾಪ ಹೇಳ್ತೀನಿ. ಬಾಯಿ ತೆಗಿ ಅಂದಾಗ ತೆಗೀತೀನಿ.”

“ಅಲ್ಗನೆಶ್…”

“ಈ ಸತ್ತಿಗೇನೂ ಕೊಟ್ಬಿಡ್ತೀನಿ. ತೊಳೆದು ಕೊಡ್ತೀನಿ. ಈ ಸಲ ನಿನ್ನ ಗಂಟಲಿಗೆ.”

ಅವನ ಮುಖದ ನಗು ಹೋಯಿತು. ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟ.

“ಬೇಡ,” ಎಂದ.

“ಏನು ಬೇಡ?”

“ನನಗೋಸ್ಕರ ಒಳಗೆ ಬರ್ಬೇಡ. ನನ್ನ ಗಂಟಲಿಗೋಸ್ಕರ ಅಂತೂ ಬರಲೇಬೇಡ.”

“ಹುಚ್ಚಾ ನಿಂಗೆ? ಕೇಳಿದವನೂ ನೀನೇ, ಬೇಡ ಅನ್ನೋನೂ ನೀನೇ!”

“ಗಂಟಲು ವಾಸಿ ಆಗ್ಲಿಲ್ಲ ಅನ್ನು. ಆಗ? ಸತ್ತಿಗೆ ವಾಪಸ್ ತಂದು ಇಲ್ಲೇ ನೆಡ್ತೀಯ. ಮತ್ತೆ ಗೇಟಿನ ಹೊರಗೆ ನಿಲ್ತೀಯ. ಅಲ್ಲಿ ಎರಡು ಕಲ್ಲುಗುಡ್ಡೆ ಇರುತ್ತೆ.”

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

“ನಂಗೆ ನೀನು ಬೇಕು,” ಎಂದ ಅವನು, ಒಡೆದ ದನಿಯಲ್ಲಿ. “ಎಷ್ಟು ಬೇಕು ಅಂತ ಹೇಳೋಕೆ ದನಿ ಇಲ್ಲ. ಆದ್ರೆ ದೇವರ ಮುಂದೆ ನಿನ್ನಿಂದ ಸುಳ್ಳು ಹೇಳಿಸಿ ನಿನ್ನ ತಗೊಳ್ಳೋಕೆ ಆಗಲ್ಲ. ಒಂಟಿಯಾಗಿಯೇ ಬಸ್ಸು ಹತ್ತುತ್ತೀನಿ.”

ಎರಡನೆಯ ಬಟ್ಟಲಿಗೆ ಕಾಯದೆ ಎದ್ದುಹೋದ. ಹೋಗುವಾಗ ಸತ್ತಿಗೆಯ ಕುಚ್ಚಿಗೆ ತಲೆ ತಗಲಿತು. ಕುಚ್ಚು ಬಹಳ ಹೊತ್ತು ಅಲುಗುತ್ತಿತ್ತು.

*

ಗೇಟಿನ ಕಂಬದ ಬುಡದಲ್ಲಿ ಒಬ್ಬ ಕುರುಡಿ ಸನ್ಯಾಸಿನಿ ಕೂರುತ್ತಿದ್ದಳು. ಎಲ್ಲರೂ ಎಮಾಹೊಯ್ ಎಂದು ಕರೆಯುತ್ತಿದ್ದರು. ಆ ಊರಿನಲ್ಲಿ ಸನ್ಯಾಸಿನಿಯರನ್ನು ಕರೆಯುವುದೇ ಹಾಗೆ. ಅಂಗಡಿ ಇಟ್ಟಂದಿನಿಂದ ಅಲ್ಗನೆಶ್ ಆಕೆಗೆ ದಿನವೂ ಒಂದು ಬಟ್ಟಲು ಕಾಫಿ ಒಯ್ದು ಕೊಡುತ್ತಿದ್ದಳು, ಸಕ್ಕರೆಯ ಬದಲು ಆಕೆಗೆ ಬೇಕಾದಂತೆ ಒಂದು ಚಿಟಿಕೆ ಉಪ್ಪು ಹಾಕಿ.

ಮರುದಿನ ಲಿಸಾನೆ ಬರಲಿಲ್ಲ. ಪೂಜೆ ಮುಗಿದು ಜನ ಚದುರಿದ ಮೇಲೆ ಅವಳು ಎಮಾಹೊಯ್‌ಗೆ ಬಟ್ಟಲು ಒಯ್ದಳು.

“ಕೈ ನಡುಗ್ತಿದೆ ನಿಂದು,” ಎಂದಳು ಮುದುಕಿ.

“ಚಳಿ.”

“ಹಾಡುಗಾರನಿಗೂ ಅದೇ ಚಳಿ ಹಿಡ್ದಿರ್ಬೇಕು. ಡೋಲು ಇವತ್ತು ಸಾವಿನ ಮನೇಲಿ ಬಡ್ದ ಹಾಗಿತ್ತು.”

ಅಷ್ಟೇ ಸಾಕಾಯಿತು. ಅಲ್ಗನೆಶ್‌ಳ ಒಳಗೆ ಹೆಪ್ಪುಗಟ್ಟಿದ್ದೇನೋ ಒಡೆದು ಬಂತು. ಅವಳು ಮುದುಕಿಯ ಕಡೆ ನೋಡಲಿಲ್ಲ. ತೆರೆದ ಗೇಟಿನ ಕಡೆ, ಒಳಗಿನ ದುಂಡು ಚರ್ಚಿನ ಕಡೆ ತಿರುಗಿ ನಿಂತಳು.

“ನಾನೇನು ಕಮ್ಮಿ ಮಾಡಿದ್ದೆ ನಿಂಗೆ? ಹೇಳು! ಯಾವ ಉಪವಾಸ ಬಿಟ್ಟಿದ್ದೆ? ಕಿವಿಯಲ್ಲಿದ್ದ ಓಲೆ ಬಿಚ್ಚಿದ್ನಲ್ಲ, ಮುಂಚೇನೇ ಕೊಟ್ನಲ್ಲ! ಐದು ವರ್ಷದ ಮಗು. ಒಂದು ಮಗೂನ ಬಿಟ್ಟುಕೊಡೋಕೆ ಆಗ್ಲಿಲ್ವಾ? ಈಗ ಇವನು. ಇವನ ಗಂಟಲೂ ಬೇಕಾ? ನಿನಗೇ ಹಾಡ್ತಿದ್ದ ಗಂಟಲು!”

ದನಿ ಅಂಗಳದ ಗೋಡೆಗೆ ಬಡಿದು ಹಿಂದೆ ಬಂತು. ಮರದ ಮೇಲಿಂದ ಎರಡು ಕಾಗೆಗಳು ಹಾರಿಹೋದವು. ಅವಳು ನೆಲದ ಮೇಲೆ ಕುಸಿದಳು.

ಎಮಾಹೊಯ್ ಕಾಫಿ ಗುಟುಕರಿಸುತ್ತಿದ್ದಳು. “ಆರು ವರ್ಷ ಆಯ್ತು,” ಎಂದಳು ನಿಧಾನವಾಗಿ, “ನೀನು ಒಳಗಿರೋನ ಜೊತೆ ಒಂದು ಮಾತಾಡಿ. ಯಾವಾಗ ಬೈತೀಯೋ ಅಂತ ನಾನೂ ಕೂತು ಕಾಯ್ತಿದ್ದೆ.”

“ನಗ್ಬೇಡಿ ಎಮಾಹೊಯ್.”

“ನಗ್ತಿಲ್ಲ. ಒಂದು ಮಾತು ಹೇಳು. ಈ ಕಾಫಿಗೆ ನಾನೇನು ಕೊಡ್ತೀನಿ ನಿಂಗೆ?”

“ನಿಮ್ಮನ್ನ ಯಾರು ಕೇಳಿದ್ರು?”

“ಆಶೀರ್ವಾದ ಮಾಡ್ಲಿ ಅಂತ ಕೊಡ್ತೀಯೇನೋ.”

“ನಿಮ್ಮ ಆಶೀರ್ವಾದ ಕಟ್ಕೊಂಡು ನಂಗೇನಾಗ್ಬೇಕು?”

“ಮತ್ಯಾಕೆ ತರ್ತೀಯ?”

ಅಲ್ಗನೆಶ್ ಮೂಗು ಒರೆಸಿಕೊಂಡಳು. “ನೀವಿದ್ದೀರಲ್ಲ, ಅದಕ್ಕೆ,” ಎಂದಳು ಕೊನೆಗೆ. “ಬಟ್ಟಲು ಕೈಗೆ ಬಂದಾಗ ನಿಮ್ಮ ಮುಖ ಒಂಥರಾ ಅರಳುತ್ತೆ. ಅದನ್ನ ನೋಡೋಕೆ.”

“ಹೂಂ,” ಎಂದಳು ಎಮಾಹೊಯ್. ಬಟ್ಟಲಿನ ತಳದ ಗಸಿಯವರೆಗೂ ಕುಡಿದಳು. “ಹಾಗಾದ್ರೆ ನಿಂಗೆ ಬರುತ್ತೆ.”

“ಏನು ಬರುತ್ತೆ?”

“ಬಟ್ಟಲು ತಗೊ. ಸೊಂಟ ಹಿಡ್ದಿದೆ, ಸ್ವಲ್ಪ ಎಬ್ಬಿಸು.”

ಅವಳು ಮುದುಕಿಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಎಮಾಹೊಯ್ ಹಕ್ಕಿಯಷ್ಟು ಹಗುರವಾಗಿದ್ದಳು. ಹೋಗುವ ಮುನ್ನ ಅವಳ ಒದ್ದೆ ಕೆನ್ನೆಯನ್ನು ತಡವಿ, ತನ್ನ ಹಳದಿ ಹೊದಿಕೆಯ ತುದಿಯಿಂದ ಒರೆಸಿದಳು.

ಅಂಗಡಿಗೆ ಮರಳಿ ಅಲ್ಗನೆಶ್ ಸುಮ್ಮನೆ ಕುಳಿತಳು. ಸತ್ತಿಗೆಯ ಒಳಮೈಯ ಮಸಿ, ಮಾಸಿದ ಶಿಲುಬೆ, ಆರು ವರ್ಷದ ಹೊಗೆ. ಮುದುಕಿಗೆ ಕಾಫಿ ಕೊಟ್ಟ ಹಾಗೆ ತಾನು ಅದನ್ನು ಒಂದು ದಿನವೂ ಕೊಟ್ಟಿರಲಿಲ್ಲ ಎಂದು ಅವಳಿಗೆ ಅರಿವಾಯಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಇಟ್ಟಿದ್ದಳು, ಅಷ್ಟೇ. ಇನ್ನೊಂದು ತಟ್ಟೆಯಲ್ಲಿ ಮಗಳನ್ನು ಇಡುತ್ತಾರೆಂದು ಕಾದಿದ್ದಳು.

ಮಬ್ಬು ಕವಿಯುವ ಮುಂಚೆ ಅವಳು ಸತ್ತಿಗೆಯನ್ನು ನೆಲದಿಂದ ಕಿತ್ತು ಮಡಚಿದಳು.

*

ಮರುದಿನ ಪೂಜೆ ನಡೆಯುತ್ತಿದ್ದಾಗ ಅವಳು ಗೇಟಿನ ಬಳಿ ಚಪ್ಪಲಿ ಬಿಟ್ಟಳು. ಕಂಬದ ಕಲ್ಲಿಗೆ ತುಟಿ ಒತ್ತಿದಳು. ಕಲ್ಲು ಒದ್ದೆಯಾಗಿತ್ತು, ಸಾವಿರ ಜನರ ಮುತ್ತಿನಿಂದ ನುಣುಪಾಗಿತ್ತು. ಮಡಚಿದ ಸತ್ತಿಗೆಯನ್ನು ಕೂಸಿನಂತೆ ಎದೆಗೆ ಒತ್ತಿಕೊಂಡು ಅಂಗಳದ ಒದ್ದೆ ಹುಲ್ಲಿನ ಮೇಲೆ ಕಾಲಿಟ್ಟಳು.

ಡೋಲಿನ ತಾಳ ಒಂದು ಏಟು ತಪ್ಪಿತು.

ಅವಳು ಆ ಕಡೆ ನೋಡಲಿಲ್ಲ. ನೋಡಿದರೆ ಕಾಲು ಅವನ ಕಡೆಗೇ ಹೋಗುತ್ತದೆಂದು ಗೊತ್ತಿತ್ತು. ನೇರ ದೇವದಾರು ಮರದ ಹತ್ತಿರ ಹೋದಳು.

ಕಲ್ಲುಗುಡ್ಡೆಯ ಸುತ್ತ ಕಳೆ ಇರಲಿಲ್ಲ. ಯಾರೋ ಕಿತ್ತು, ಕಲ್ಲುಗಳನ್ನು ಮತ್ತೆ ಸರಿಯಾಗಿ ಜೋಡಿಸಿದ್ದರು. ನಡುವೆ, ಗಾಳಿಗೆ ಬೀಳದಂತೆ ಎರಡು ಕಲ್ಲಿನ ಸಂದಿಯಲ್ಲಿ, ಕೆಂಪು ಹೂವಿನ ಅಂಚಿನ ಪುಟ್ಟ ಕಾಫಿ ಬಟ್ಟಲಿತ್ತು. ಅದರಲ್ಲಿ ಮಳೆನೀರು. ನೀರಿನಲ್ಲಿ ಅಂದೇ ಕೊಯ್ದ ಒಂದು ಕಾಡುಹೂವು.

“ಕಳ್ಳ,” ಎಂದಳು ಅಲ್ಗನೆಶ್. ಆಮೇಲೆ ಅಳು ಬಂತು.

ಮಗಳಿಗಾಗಿ ಅತ್ತಳು. ಅದು ಮುಗಿದ ಮೇಲೂ ಅಳು ನಿಲ್ಲಲಿಲ್ಲ. ಉಳಿದ ಅಳು ಯಾರಿಗಾಗಿ ಎಂದು ಅವಳಿಗೆ ನಿಧಾನವಾಗಿ ತಿಳಿಯಿತು. ಹಾಡಿನ ಹೊತ್ತಿನಲ್ಲಿ ಎದೆಯೊಳಗೆ ಬಂದು ಕೂರುತ್ತಿದ್ದವನು. ಅವನಿಲ್ಲದೆ ಇಷ್ಟು ವರ್ಷ ಎಷ್ಟು ಚಳಿಯಿತ್ತೆಂದು ಈಗ ಗೊತ್ತಾಯಿತು.

“ಅವಳನ್ನ ನೀನು ಉಳಿಸಲಿಲ್ಲ,” ಎಂದಳು ಮೆಲ್ಲಗೆ. “ಯಾಕೆ ಅಂತ ನಂಗೆ ಇವತ್ತೂ ಗೊತ್ತಿಲ್ಲ. ನಿನ್ನ ತಾಯಿ ಮರಿಯಮ್‌ಗೆ ಸತ್ತಿಗೆ ತಂದಿದ್ದೀನಿ. ಯಾವುದಕ್ಕೂ ಅಲ್ಲ. ತಗೊ.”

ಒಳಗೆ ಗಂಟೆ ಮೊಳಗಿತು. ಅವಳ ಹಣೆ ಒದ್ದೆ ಮಣ್ಣಿಗೆ ತಾಗಿತು.

*

ಗುರುಗಳಾದ ಅಬ್ಬ ಮೆಕೊನ್ನೆನ್ ಅವಳ ಪಾಪನಿವೇದನೆಯನ್ನು ಚರ್ಚಿನ ಜಗುಲಿಯ ಮೇಲೆ ಕೇಳಿದರು. ಅವಳು ಎಲ್ಲ ಹೇಳಿದಳು, ಗೇಟಿನ ಮುಂದೆ ಬೈದದ್ದನ್ನೂ ಹೇಳಿದಳು.

“ಅದು ನಂಗೆ ಒಳಗಿನವರೆಗೂ ಕೇಳಿಸ್ತು,” ಎಂದರು ಗುರುಗಳು. “ಆ ಬೈಗುಳ ಪಾಪದ ಲೆಕ್ಕಕ್ಕೆ ಹಾಕ್ಬೇಡ. ಅಷ್ಟು ವರ್ಷ ಮಾತು ಬಿಟ್ಟಿದ್ಯಲ್ಲ, ಅದನ್ನ ಹಾಕು.”

“ಗುರುಗಳೇ, ಲಿಸಾನೆ ಗಂಟಲಿಗೆ ನಾನು ಏನೂ ಕೇಳ್ಬಾರದಾ?”

“ಕೇಳ್ದೆ ಹೇಗಿರ್ತೀಯ, ಹುಚ್ಚಿ? ಹೊಟ್ಟೆ ತುಂಬ ಕೇಳು. ವ್ಯಾಪಾರ ಮಾಡ್ಬೇಡ, ಅಷ್ಟೆ.”

ಸತ್ತಿಗೆಯನ್ನು ಕಂಡು ಚರ್ಚಿನ ಮೇಲ್ವಿಚಾರಕ ಯಿಬೆಲ್ತಾಲ್ ಮುಖ ಕಿವಿಚಿದ. “ಬೀದಿ ಅಂಗಡೀಲಿ ಆರು ವರ್ಷ ನಿಂತಿದ್ದು ಇದು. ಡ್ರೈವರುಗಳು ಇದರ ಕೆಳಗೆ ಸಿಗರೇಟು ಸೇದಿದ್ದಾರೆ. ಪ್ರಸಾದದ ಪಾತ್ರೆ ಮೇಲೆ ಹಿಡಿಯೋದಾ?”

ಅಬ್ಬ ಮೆಕೊನ್ನೆನ್ ಸತ್ತಿಗೆಯನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡರು.

“ಮಸಿ ಒರೆಸಿ, ತೀರ್ಥ ಹಾಕೋಣ,” ಎಂದರು. “ವಾಸನೆ ಹೋಗದಿದ್ರೆ ಇರ್ಲಿ ಬಿಡು. ಉಪವಾಸದ ಮಧ್ಯೆ ನಂಗೂ ಕಾಫಿ ನೆನಪಾಗುತ್ತೆ.”

ಲಿಸಾನೆ ಜಗುಲಿಯ ಮೂಲೆಯಲ್ಲಿ ನಿಂತಿದ್ದ. ಅವಳು ಅವನ ಮುಂದೆ ಹೋಗಿ ನಿಂತಳು.

“ನಿನಗೋಸ್ಕರ ಬಂದಿಲ್ಲ,” ಎಂದಳು.

“ಗೊತ್ತು.” ದನಿ ಹೊರಡಲಿಲ್ಲ. ತುಟಿ ಮಾತ್ರ ಅಲುಗಿತು.

“ನನ್ನ ಬಟ್ಟಲು ಕದ್ದಿದ್ದೀಯ.”

ಅವನು ತಲೆ ತಗ್ಗಿಸಿದ, ಶಿಕ್ಷೆಗೆ ಕಾದ ಹುಡುಗನಂತೆ. ತಲೆ ಎತ್ತದೆಯೇ ಕಣ್ಣೆತ್ತಿ ಅವಳನ್ನು ನೋಡಿದ.

“ಈಗ ಕೇಳು,” ಎಂದಳು ಅಲ್ಗನೆಶ್. “ಆವತ್ತು ಕಾಫಿ ಚೆಲ್ಲಿಸಿ ಕೇಳಿದ್ಯಲ್ಲ, ಅದನ್ನ ಇನ್ನೊಂದು ಸಲ ಕೇಳು.”

*

ಹಬ್ಬದ ಬೆಳಿಗ್ಗೆ ಮಂಜು ಕರಗಿರಲಿಲ್ಲ. ಕಿರೀಟ, ಮೆರವಣಿಗೆ, ಔತಣ ಏನೂ ಇರಲಿಲ್ಲ. ಇಬ್ಬರೂ ಬಿಳಿ ಬಟ್ಟೆಯಲ್ಲಿ ಅಕ್ಕಪಕ್ಕ ನಿಂತರು. ಒಳಗಿನ ಪರದೆ ಸರಿಯಿತು. ಪರಮಪ್ರಸಾದದ ಪಾತ್ರೆ ಹೊರಗೆ ಬಂತು. ಅದರ ಮೇಲೆ ನೇರಳೆ ಸತ್ತಿಗೆ ಅರಳಿಕೊಂಡಿತ್ತು. ಒರೆಸಿದ ಬೆಳ್ಳಿ ಶಿಲುಬೆ ಅಲ್ಲಲ್ಲಿ ಮಿನುಗುತ್ತಿತ್ತು, ಅಲ್ಲಲ್ಲಿ ಕಪ್ಪಾಗಿಯೇ ಉಳಿದಿತ್ತು. ಧೂಪದ ಹೊಗೆಯ ನಡುವೆ ಹುರಿದ ಕಾಫಿಯ ವಾಸನೆ ತೆಳ್ಳಗೆ ಬಂದಾಗ ಹೆಂಗಸರ ಸಾಲಿನಲ್ಲಿ ಯಾರೋ ಮೆಲ್ಲಗೆ ನಕ್ಕರು.

ಅಲ್ಗನೆಶ್ ಬಾಯಿ ತೆರೆದಳು. ಆಮೇಲೆ ಲಿಸಾನೆ. ನುಂಗುವಾಗ ಅವನಿಗೆ ನೋವಾದದ್ದು ಅವಳಿಗೆ ಕಂಡಿತು. ಹಾಡು ಎದ್ದಿತು, ಅವನಿಲ್ಲದ ಹಾಡು. ಅವಳ ಗಂಟಲು ತಾನೇ ತೆರೆಯಬೇಕೆಂದಿತು. ಆದರೆ ಪ್ರಸಾದ ತೆಗೆದುಕೊಂಡವರು ನೆತೆಲ ಎಂಬ ಬಿಳಿ ಹೊದಿಕೆಯ ತುದಿಯಿಂದ ಬಾಯಿ ಮುಚ್ಚಿಕೊಂಡು ಮೌನವಾಗಿರುವುದು ಅಲ್ಲಿನ ಪದ್ಧತಿ. ಮೊದಲ ಉಲುಲು ಬೇರೆ ಯಾರೋ ಹಾಕಿದರು. ಅವಳು ಎದೆಯೊಳಗೇ ಹಾಕಿದಳು.

ಇಬ್ಬರೂ ಹೊರಗೆ ಬಂದು ದೇವದಾರು ಮರದ ಕೆಳಗೆ ಕುಳಿತರು. ಮೂಗಿನವರೆಗೂ ಬಿಳಿ ಬಟ್ಟೆ. ಕಣ್ಣು ಮಾತ್ರ ಹೊರಗೆ. ನಾಳೆ ಈ ಹೊತ್ತಿಗೆ ಬಸ್ಸು ಗುಡ್ಡ ಇಳಿದಿರುತ್ತದೆ. ಅವಳೂ ಅದರಲ್ಲಿರುತ್ತಾಳೆ. ಅದರಾಚೆ ಏನಿದೆಯೋ ಯಾರಿಗೂ ಗೊತ್ತಿರಲಿಲ್ಲ.

ಹೀಗೆಯೇ ಮಾತಾಡಬೇಕಾಗಬಹುದು ಇನ್ನು ಮುಂದೆ, ಎಂದುಕೊಂಡಳು ಅವಳು. ಅವನೂ ಅದನ್ನೇ ಅಂದುಕೊಳ್ಳುತ್ತಿದ್ದಾನೆಂದು ಅವನ ಕಣ್ಣು ನೋಡಿ ತಿಳಿಯಿತು. ಅಂಜಿಕೆ ಬಂತು. ಅವಳು ಅದನ್ನು ಮುಚ್ಚಿಡಲಿಲ್ಲ. ಅವನ ಕೈಯನ್ನು ಹಿಡಿದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಅವನು ಬಗ್ಗಿ ಕಲ್ಲುಗಳ ಸಂದಿಯಿಂದ ಬಟ್ಟಲನ್ನು ಎತ್ತಿದ. ಹೂವನ್ನು ಕಲ್ಲಿನ ಮೇಲಿಟ್ಟ. ನೀರನ್ನು ಹುಲ್ಲಿಗೆ ಚೆಲ್ಲಿದ. ಖಾಲಿ ಬಟ್ಟಲನ್ನು ಅವಳ ಮುಂದೆ ಹಿಡಿದು ಹುಬ್ಬೇರಿಸಿದ. ಆಮೇಲೆ ಇನ್ನೊಂದು ಕೈ ಎತ್ತಿ, ಅಳುಕುತ್ತಾ, ಮೂರು ಬೆರಳು ತೋರಿಸಿದ.

ಬಟ್ಟೆಯ ಹಿಂದೆ ಅವಳ ತುಟಿ ನಡುಗಿತು. ಹೌದು ಎಂದು ತಲೆಯಾಡಿಸಿದಳು.